ರೋಗಿಯ ಮಡಿ

ನಮ್ಮ ಅಜ್ಜಿ ಮಡಿಯ ಸೀರೆಯನ್ನು ಎತ್ತರದಲ್ಲಿ ಕಟ್ಟಿದ ಬಿದಿರು ಗಳುವಿನ ಮೇಲೆ ಕೋಲಿನಿಂದ ಎತ್ತಿ ಹರವುತ್ತಿದ್ದಳು. ಮಕ್ಕಳಾದ ನಮ್ಮ ಕೈ ಅದಕ್ಕೆ ಎಟುಕಬಾರದು ಎಂಬುದೇ ಆ ಎತ್ತರದ ಉದ್ದೇಶ. ಸ್ನಾನ ಮಾಡಿ ಅದನ್ನುಟ್ಟಳೆಂದರೆ ಅಡಿಗೆ, ಪೂಜೆ, ಊಟಗಳು ಮುಗಿಯುವವರೆಗೆ ನಾವು ಅವಳ ಬಳಿ ಸುಳಿಯುವ ಹಾಗಿರಲಿಲ್ಲ. ‘ದೂರ, ದೂರ’ ಎಂಬ ಅವಳ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ನಾಲ್ಕಕ್ಷರ ಓದಿ ಪಟ್ಟಣ ಸೇರಿದ ಮೇಲೆ ಇದನ್ನೆಲ್ಲ ನಗೆಯ ವಸ್ತುವಾಗಿ ಮಾಡಿಕೊಂಡು, ಗೆಳೆಯರ ನಡುವೆ ಅಜ್ಜಿಯ ದನಿಯನ್ನು ಅನುಕರಿಸಿ ತೋರಿಸಿದವನು ನಾನು. ಅಂಥ ನನ್ನನ್ನು ಇನ್ನೊಬ್ಬ ಹೆಂಗಸು ‘ದೂರ ನಿಲ್ಲಿ’ ಎಂದು ತಡೆದದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಬಾಗಿಲಲ್ಲಿ. ಆಗಿನ್ನೂ ಅಕ್ಕನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದು, ಔಷಧಿ ಶುರುವಾಗಿ ಹತ್ತು ದಿನವಾಗಿತ್ತು.

ನಾನು ಊರಿನ ದೇವಸ್ಥಾನದ ತೀರ್ಥವನ್ನು ಒಂದು ಪುಟ್ಟ ಸೀಸೆಯಲ್ಲಿ ಹಿಡಿದು, ತುಳಸಿಯ ಕುಡಿಯನ್ನೂ ಒಂದು ಮೊಳ ಮಲ್ಲಿಗೆಯನ್ನೂ ಬಾಳೆಯೆಲೆಯಲ್ಲಿ ಸುತ್ತಿ ತಂದಿದ್ದೆ. ಕೋಣೆಯ ಬಾಗಿಲಲ್ಲಿದ್ದ ಆಯಾ ನನ್ನ ಕೈಯನ್ನು ನೋಡಿ ಅಡ್ಡ ನಿಂತಳು.

“ಒಳಕ್ಕೆ ಬರಬ್ಯಾಡಿ ಸ್ವಾಮಿ. ಹೂವು, ನೀರು ಏನೂ ಒಳಗೆ ಬರಂಗಿಲ್ಲ.”

“ತೀರ್ಥ ಕಣಮ್ಮ ಇದು” ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

“ತೀರ್ಥ ಆದ್ರೂ ನೀರೇ ಅಲ್ವಾ ಸ್ವಾಮಿ? ಅಮ್ಮಾವ್ರು ಈಗ ಮಡೀಲವ್ರೆ. ಕೈ ತೊಳ್ಕೊಂಡು ಬನ್ನಿ.”

ಒಳಗಿನಿಂದ ಅಕ್ಕ ನಕ್ಕಳು. “ಅಜ್ಜಿ ಬಂದಿದಾಳೆ ಕಣೋ, ಹೇಳಿದ ಹಾಗೆ ಕೇಳು” ಎಂದಳು. ಅವಳ ನಗೆಯಲ್ಲಿ ದನಿಯೇ ಇರಲಿಲ್ಲ, ಬಾಯೆಲ್ಲ ಹುಣ್ಣಾಗಿತ್ತು.

ಆ ದಿನ ನನಗೆ ಆದದ್ದು ಅವಮಾನ. ಅದು ಹೋಗಿ ಕುತೂಹಲವಾಗಲು ಕೆಲವು ತಿಂಗಳು ಬೇಕಾಯಿತು. ಕ್ಯಾನ್ಸರ್ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಮೈ ಒರೆಸುವ, ಬಾಯಿ ತೊಳೆಸುವ, ಮಲಮೂತ್ರದ ಪಾತ್ರೆ ಎತ್ತುವ ಈ ಕೈಗಳ ಚರಿತ್ರೆಯನ್ನು ಸಿಕ್ಕಸಿಕ್ಕಲ್ಲಿ ಓದತೊಡಗಿದೆ. ವೈದ್ಯರ ಚರಿತ್ರೆ ಬೇಕಾದಷ್ಟಿದೆ. ಡಿಪ್ಲೊಮಾ ಪಡೆದ ದಾದಿಯರ ಚರಿತ್ರೆಯೂ ಸಾಕಷ್ಟಿದೆ. ಆಯಾ, ವಾರ್ಡ್ ಬಾಯ್, ಅಟೆಂಡರ್ ಎಂದು ನಾವು ಕರೆಯುವವರ ಸುದ್ದಿ ಮಾತ್ರ ಬೇರೆಯವರ ಕಥೆಗಳ ಅಂಚಿನಲ್ಲಿ ಸಿಕ್ಕಬೇಕು. ಹಾಗೆ ಹುಡುಕುತ್ತ ಹೋದಾಗ ನನಗೆ ಕಂಡ ವಿಶೇಷವೊಂದುಂಟು. ನಮ್ಮ ಭಾಷೆಯಲ್ಲಿ ‘ಸೋಂಕು’ ಎಂದರೆ ಮುಟ್ಟುವುದೂ ಹೌದು, ರೋಗ ಅಂಟುವುದೂ ಹೌದು. ಮೊದಮೊದಲು ಜನ ಹೆದರಿದ್ದು ರೋಗಿಯ ಸೋಂಕು ತಮಗೆ ತಗಲೀತೆಂದು. ಆಮೇಲೆ ಒಂದು ಕಾಲ ಬಂತು: ನಮ್ಮ ಸೋಂಕು ರೋಗಿಗೆ ತಗಲೀತೆಂದು ಹೆದರುವ ಕಾಲ. ಹೆದರಿಕೆಯ ದಿಕ್ಕೇ ತಿರುಗಿಹೋಯಿತು. ಆ ತಿರುವಿನಲ್ಲಿ ರೋಗಿಯ ಹತ್ತಿರ ಉಳಿದುಕೊಂಡವರು ಎರಡು ಕಾಲದಲ್ಲಿಯೂ ಈ ಕೆಳಗಿನ ಮೆಟ್ಟಿಲಿನ ಜನವೇ.

ಮೊದಲನೆಯ ಹೆದರಿಕೆ ಎಷ್ಟು ಬಲವಾಗಿತ್ತೆಂಬುದಕ್ಕೆ ಫ್ರಾನ್ಸಿನ ರ‍್ಯಾನ್ಸ್ ನಗರದ ಸಂಗತಿ ಸಾಕು. ಜಾನ್ ಗೊದಿನೊ ಎಂಬ ಪಾದ್ರಿ ತನ್ನ ಹಣದಿಂದ ೧೭೪೦ರಲ್ಲಿ ಅಲ್ಲಿ ಕ್ಯಾನ್ಸರ್ ಬಡವರಿಗಾಗಿ ಒಂದು ಪುಟ್ಟ ಆಸ್ಪತ್ರೆ ತೆರೆಸಿದ. ಕ್ಯಾನ್ಸರಿಗೆಂದೇ ಹುಟ್ಟಿದ ಮೊಟ್ಟಮೊದಲ ಆಸ್ಪತ್ರೆಗಳಲ್ಲಿ ಅದೊಂದು. ನೆರೆಹೊರೆಯವರು ರೋಗ ತಮಗೂ ಅಂಟುವುದೆಂದು ಗಲಾಟೆ ಎಬ್ಬಿಸಿದರು. ೧೭೭೯ರಲ್ಲಿ ಆಸ್ಪತ್ರೆಯನ್ನು ಊರ ಹೊರಕ್ಕೆ ಸಾಗಿಸಬೇಕಾಯಿತು. ನೂರು ವರ್ಷದ ಮೇಲೆಯೂ ಈ ನಂಬಿಕೆ ಪೂರ್ತಿ ಸತ್ತಿರಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ೧೮೮೭ರಲ್ಲಿ ತೆರೆದ ಕ್ಯಾನ್ಸರ್ ಆಸ್ಪತ್ರೆಯ ವಾರ್ಡುಗಳನ್ನು ಕೋಟೆಯ ಬುರುಜಿನಂತೆ ದುಂಡಗೆ ಕಟ್ಟಿದರು. ಮೂಲೆಯಿದ್ದರೆ ಕೊಳೆ, ಕ್ರಿಮಿ ಸೇರುತ್ತವೆ. ಮೂಲೆಯೇ ಇಲ್ಲದಿದ್ದರೆ ಎಲ್ಲಿ ಸೇರಬೇಕು ಎಂಬ ವಾದ. ಆ ಕಟ್ಟಡ ಇಂದಿಗೂ ಇದೆ. ಈಗ ಅದರಲ್ಲಿ ಸಿರಿವಂತರು ಸಂಸಾರ ಹೂಡಿದ್ದಾರೆ.

ಈ ದುಂಡು ಆಸ್ಪತ್ರೆಗೆ ೧೮೯೬ರಲ್ಲಿ, ನಲವತ್ತೈದು ವರ್ಷದ ಒಬ್ಬ ಹೆಂಗಸು ಮೂರು ತಿಂಗಳ ಶುಶ್ರೂಷೆಯ ಪಾಠ ಕಲಿಯಲು ಬಂದಳು. ಹೆಸರು ರೋಸ್ ಹಾಥಾರ್ನ್ ಲೇಥ್ರಪ್. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿ ನೆನಪಿದ್ದೀತು. ಸಮಾಜ ದೂರವಿಟ್ಟ ಒಬ್ಬ ಹೆಣ್ಣಿನ ಕಥೆ ಅದು. ಅದನ್ನು ಬರೆದ ನಥೇನಿಯಲ್ ಹಾಥಾರ್ನನ ಕಿರಿಯ ಮಗಳು ಈಕೆ. ತಂದೆಯದೇ ಒಂದು ಸಂಗತಿ ಆಕೆಯ ಮನಸ್ಸನ್ನು ಹಿಡಿದಿತ್ತು. ಹಾಥಾರ್ನ್ ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದಾಗ, ೧೮೫೬ರಲ್ಲಿ, ಅಲ್ಲಿನ ಬಡವರ ಒಂದು ದುಡಿಮೆಯ ಮನೆಯನ್ನು (ವರ್ಕ್‌ಹೌಸ್) ನೋಡಲು ಹೋಗಿದ್ದ. ಮೈಯೆಲ್ಲ ರೋಗ ಹಿಡಿದು ಅಸಹ್ಯವಾಗಿದ್ದ ಒಂದು ಮಗು ಅವನ ಬೆನ್ನು ಹತ್ತಿತು. ಎದುರಿಗೆ ಬಂದು ಎತ್ತಿಕೋ ಎಂದು ಎರಡು ಕೈ ಚಾಚಿತು. ಆತನೋ ಮಹಾ ಸಂಕೋಚದ ಮನುಷ್ಯ, ಪರರ ಮೈ ಸೋಕಿದರೆ ಮುದುಡುವವನು. ಆದರೂ ಎತ್ತಿಕೊಂಡ. ಮುಂದೆ ೧೮೬೩ರ ಪುಸ್ತಕದಲ್ಲಿ ಇದನ್ನು ಬರೆಯುವಾಗ ಎತ್ತಿಕೊಂಡವನು ತಾನೆಂದು ಹೇಳದೆ, ಯಾರೋ ಒಬ್ಬ ಸಂಕೋಚದ ಗೃಹಸ್ಥ ಎಂದು ಬರೆದ. ತಂದೆ ಬರೆದುದರಲ್ಲೆಲ್ಲ ದೊಡ್ಡ ಮಾತು ಅದೇ ಎಂದು ಮಗಳು ಭಾವಿಸಿದ್ದಳು. ವಿಮರ್ಶಕರು ಒಪ್ಪಲಾರರು, ಬದುಕಿಗೆ ಬೇಕಾದ ಸಾಲನ್ನು ಮಕ್ಕಳು ತಾವೇ ಆರಿಸಿಕೊಳ್ಳುತ್ತಾರೆ.

ರೋಸಳ ಸಂಸಾರದಲ್ಲಿ ಸುಖವಿರಲಿಲ್ಲ. ಒಬ್ಬನೇ ಮಗ ಸಣ್ಣ ವಯಸ್ಸಿನಲ್ಲಿ ೧೮೮೧ರಲ್ಲಿ ತೀರಿಕೊಂಡ, ಗಂಡನಿಂದ ಬೇರೆಯಾಗಿದ್ದಳು. ಆಕೆಯ ಗೆಳತಿ ಎಮ್ಮಾ ಲಾಜರಸ್, ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬಗ್ಗೆ ಸುನೀತ ಬರೆದ ಕವಯಿತ್ರಿ, ೧೮೮೭ರಲ್ಲಿ ಕ್ಯಾನ್ಸರಿನಿಂದ ಸತ್ತಳು. ಆಕೆ ಸ್ಥಿತಿವಂತರ ಮಗಳು, ಆರೈಕೆಗೆ ಏನೂ ಕೊರತೆಯಾಗಲಿಲ್ಲ. ಅದೇ ರೋಗ ಬಂದ ಒಬ್ಬ ಬಡ ಹೊಲಿಗೆಯವಳನ್ನು ನಗರದ ದಿಕ್ಕಿಲ್ಲದವರನ್ನು ತಳ್ಳುವ ದ್ವೀಪಕ್ಕೆ ಸಾಗಿಸಿದರೆಂಬ ಸುದ್ದಿ ರೋಸಳಿಗೆ ಆಮೇಲೆ ತಿಳಿಯಿತು. ವಾಸಿಯಾಗುವುದಿಲ್ಲ ಎಂದು ಗೊತ್ತಾದ ಬಡ ರೋಗಿಯನ್ನು ಇಟ್ಟುಕೊಳ್ಳುವ ಜಾಗವೇ ಇರಲಿಲ್ಲ. ಆಸ್ಪತ್ರೆಗೆ ಆತ ನಿರುಪಯೋಗಿ. ಮನೆಯವರಿಗೆ ಆತ ಅಂಟುರೋಗಿ.

ಮೂರು ತಿಂಗಳ ಪಾಠ ಮುಗಿದದ್ದೇ ರೋಸ್ ನ್ಯೂಯಾರ್ಕಿನ ಅತ್ಯಂತ ಬಡಕೇರಿಯ ಸ್ಕ್ಯಾಮೆಲ್ ಬೀದಿಯಲ್ಲಿ ಕೋಣೆಗಳನ್ನು ಬಾಡಿಗೆಗೆ ಹಿಡಿದಳು. ಮನೆಮನೆಗೆ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟಿ ಬರುವುದು. ಎಲ್ಲಿಯೂ ನಿಲ್ಲಲಾರದವರನ್ನು ತನ್ನ ಕೋಣೆಗೇ ಕರೆತರುವುದು. ಮುಖವನ್ನೇ ಕ್ಯಾನ್ಸರ್ ತಿಂದಿದ್ದ ಒಬ್ಬ ಮುದುಕಿ ಹೀಗೆ ಮೊದಲು ಬಂದವರಲ್ಲಿ ಒಬ್ಬಳು. ೧೮೯೭ರ ಕೊನೆಯಲ್ಲಿ ಚಿತ್ರ ಬರೆಯುವ ಆಲಿಸ್ ಹ್ಯೂಬರ್ ಎಂಬ ಹುಡುಗಿ, ವಾರಕ್ಕೊಂದು ಮಧ್ಯಾಹ್ನ ಬಂದು ಸಹಾಯ ಮಾಡುತ್ತೇನೆಂದು ಬಂದಳು. ಮುಂದೆ ಅಲ್ಲಿಯೇ ಉಳಿದಳು. ರೋಸಳ ಬಳಿಕ ಸಂಸ್ಥೆಯನ್ನು ನಡೆಸಿದವಳೂ ಅವಳೇ. ಇಬ್ಬರೂ ೧೯೦೦ರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರಾಗಿ, ಡೊಮಿನಿಕನ್ ಪಂಥದ ಒಂದು ಸಂಘವನ್ನು ಕಟ್ಟಿದರು. ಮಾರ್ಕ್ ಟ್ವೇನನಂಥ ಕುಹಕಿಯೂ ಇವರ ಕೆಲಸಕ್ಕೆ ಬೆಂಬಲ ಕೊಟ್ಟ.

ಈ ಸಂಘದ ಕಟ್ಟಳೆಗಳನ್ನು ಓದುವಾಗ ನನಗೆ ಮೆಚ್ಚಿಕೆಯಾದದ್ದು ಅವುಗಳ ನೇರತನ. ರೋಗಿಯಿಂದಲೂ ಅವನ ಬಂಧುಗಳಿಂದಲೂ ಕಾಸು ಮುಟ್ಟಬಾರದು. ರೋಗಿಯನ್ನು ಪ್ರಯೋಗಕ್ಕೆ ಒಡ್ಡಬಾರದು. ಹುಣ್ಣು ಎಂಥದೇ ಇರಲಿ, ಎಷ್ಟೇ ನಾರಲಿ, ಅಸಹ್ಯವನ್ನು ಮುಖದಲ್ಲಿ ತೋರಿಸಬಾರದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು ಎಂದು ನನ್ನ ಎಣಿಕೆ. ಕಾಸು ಬೇಡವೆನ್ನಬಹುದು; ಮೂಗನ್ನು ಸುಮ್ಮನಿರಿಸುವುದು ಹೇಗೆ? ರೋಗ ಅಂಟುತ್ತದೆ ಎಂದು ನಂಬಿದ್ದ ಜನರ ನಡುವೆ ರೋಸ್ ಬರಿಗೈಯಿಂದ ಕೆಲಸ ಮಾಡಿ ತೋರಿಸಿದಳು. ೧೯೨೬ರಲ್ಲಿ ಆಕೆ ಸಾಯುವವರೆಗೆ ಮೂವತ್ತು ವರ್ಷ ಇದು ನಡೆಯಿತು. ಆಕೆಗೆ ಕ್ಯಾನ್ಸರ್ ಅಂಟಲಿಲ್ಲ. ಇದು ಪ್ರಯೋಗಶಾಲೆಯ ಸಾಕ್ಷ್ಯವಲ್ಲ, ನಿಜ. ಬಡಕೇರಿಯ ಕಣ್ಣಿಗೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ೧೯೯೯ರಲ್ಲಿ ತೆರೆದ ಕರುಣಾಶ್ರಯವೂ ಅಂತ್ಯಕಾಲದ ಕ್ಯಾನ್ಸರ್ ರೋಗಿಗಳನ್ನು ಕಾಸಿಲ್ಲದೆ ನೋಡಿಕೊಳ್ಳುವ ಮನೆ.

ಇಲ್ಲಿಯವರೆಗೆ ಕ್ಯಾನ್ಸರಿಗೆ ಕತ್ತಿ ಮತ್ತು ಕಿರಣ ಎರಡೇ ಮುಖ್ಯ ಮದ್ದು. ಮೂರನೆಯದನ್ನು, ಔಷಧಿಯನ್ನು, ಲೋಕದ ಮುಂದಿಟ್ಟ ಮೊದಲಿಗರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಒಬ್ಬ, ೧೯೪೮ರಲ್ಲಿ. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮಿನೋಪ್ಟೆರಿನ್ ಕೊಟ್ಟು ಕೆಲವರಲ್ಲಿ ರೋಗ ಸ್ವಲ್ಪ ಕಾಲ ಹಿಮ್ಮೆಟ್ಟುವುದನ್ನು ಆತ ಕಂಡಿದ್ದ. ಹೆದರಿಕೆಯ ದಿಕ್ಕು ತಿರುಗಿದ್ದು ಇಲ್ಲಿ. ಈ ಬಗೆಯ ಔಷಧಿಗಳು ಬೇಗ ಬೇಗ ಹೆಚ್ಚುವ ಜೀವಕಣಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕಣ ಬೇಗ ಹೆಚ್ಚುವಂಥದು. ನಮ್ಮ ದುರದೃಷ್ಟಕ್ಕೆ ಮೂಳೆಯ ಮಜ್ಜೆಯೂ ಹಾಗೆಯೇ, ಬಾಯಿ ಕರುಳುಗಳ ಒಳಪೊರೆಯೂ ಹಾಗೆಯೇ. ಮಜ್ಜೆ ಬತ್ತಿದರೆ ಕ್ರಿಮಿಗಳೊಡನೆ ಹೋರಾಡುವ ಬಿಳಿಯ ಕಣಗಳಿಲ್ಲ. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದವರೆಗೆ ಇರುವ ಬಿಳಿಯ ಕಣಗಳು ನಮ್ಮ ಅಕ್ಕನಲ್ಲಿ ಆ ದಿನ ಇನ್ನೂರಿದ್ದವು. ಕಾವಲಿಲ್ಲದ ಊರು. ಹೂವಿನ ನೀರಿನಲ್ಲಿ, ಕುದಿಸದ ತೀರ್ಥದಲ್ಲಿ ನಮಗೆ ಏನೂ ಮಾಡದ ಕ್ರಿಮಿ ಅಂಥವರಿಗೆ ಮೃತ್ಯು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ೧೯೬೬ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: ಬಿಳಿಯ ಕಣ ಇಳಿದಷ್ಟೂ, ಇಳಿದ ದಿನಗಳು ಹೆಚ್ಚಿದಷ್ಟೂ ಸೋಂಕು ಹೆಚ್ಚು. ಆ ಕಾಲದಲ್ಲಿ ರೋಗಿಯ ಮಂಚದ ಸುತ್ತ ಪ್ಲಾಸ್ಟಿಕ್ ಡೇರೆ ಕಟ್ಟಿ, ಅದಕ್ಕೆ ಹೊಲಿದ ತೋಳುಗವಸಿನೊಳಗೆ ಕೈ ಹಾಕಿ ಉಪಚಾರ ಮಾಡಿದ್ದೂ ಉಂಟು. ಎಲ್ಲವನ್ನೂ ಹೊರಗೆ ತಡೆದೆವೆಂದುಕೊಂಡರೂ ಸೋಂಕು ಪೂರ್ತಿ ನಿಲ್ಲಲಿಲ್ಲ. ಕಾರಣ ತಿಳಿದಾಗ ನನಗೆ ಅಜ್ಜಿಯ ನೆನಪಾಯಿತು. ಇಂಥ ರೋಗಿಗಳ ಸೋಂಕಿನಲ್ಲಿ ಹೆಚ್ಚಿನದು ಬರುವುದು ಅವರದೇ ಬಾಯಿ, ಕರುಳು, ಚರ್ಮಗಳಲ್ಲಿ ನೆಲೆಸಿದ ಕ್ರಿಮಿಗಳಿಂದ. ಅವುಗಳಲ್ಲಿಯೂ ಅನೇಕವು ಆಸ್ಪತ್ರೆಗೆ ಬಂದ ಮೇಲೆ ಯಾರದೋ ಕೈಯಿಂದ ಬಂದು ನೆಲೆ ನಿಂತವು. ಮೈಲಿಗೆ ಒಳಗೇ ಇದ್ದರೆ ಡೇರೆ ಏನು ಮಾಡೀತು?

ಹಾಗಾದರೆ ಏನು ಮಾಡೀತು ಎಂದರೆ, ಡೇರೆಗಿಂತ ಬಹಳ ಅಗ್ಗದ ಕೆಲಸಗಳು. ಸೋಪು ಹಚ್ಚಿ ಕೈ ತೊಳೆಯುವುದು. ಮೆತ್ತನೆಯ ಬ್ರಷ್ಷಿನಿಂದ ಹಲ್ಲುಜ್ಜಿಸಿ, ಹೊತ್ತು ಹೊತ್ತಿಗೆ ಬಾಯಿ ಮುಕ್ಕಳಿಸಿಸುವುದು. ಪ್ರತಿಯೊಂದು ಮಡಿಕೆಯನ್ನೂ ಒರೆಸಿ ಒಣಗಿಸುವುದು. ಮಗ್ಗುಲು ತಿರುಗಿಸಿ ಬೆನ್ನು ಒಡೆಯದಂತೆ ನೋಡುವುದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಡದಿರುವುದು, ಏಕೆಂದರೆ ಒಂದು ಸಣ್ಣ ಗೀರು ಸಾಕು ಕ್ರಿಮಿ ರಕ್ತ ಸೇರಲು. ಇವೆಲ್ಲ ಯಾರ ಕೆಲಸ? ಆಯಾಳ ಕೆಲಸ. ಇನ್ನೊಂದುಂಟು, ಅದು ಎಲ್ಲಕ್ಕಿಂತ ಮುಖ್ಯ. ಕೀವು ಎಂಬುದು ಬಹುಮಟ್ಟಿಗೆ ಸತ್ತ ಬಿಳಿಯ ಕಣಗಳ ರಾಶಿ. ಬಿಳಿಯ ಕಣವೇ ಇಲ್ಲದವನಿಗೆ ಕೀವು ಕಟ್ಟುವುದಿಲ್ಲ, ಹುಣ್ಣು ಕೆಂಪಾಗಿ ಊದಿಕೊಳ್ಳುವುದಿಲ್ಲ. ಎಷ್ಟೋ ವೇಳೆ ಜ್ವರವೊಂದೇ ಕುರುಹು. ಸ್ಟೀಫನ್ ಶಿಂಪ್ಫ್ ಮತ್ತು ಜೊತೆಗಾರರು ೧೯೭೧ರಲ್ಲಿ ಹೇಳಿದರು: ಇಂಥವರಿಗೆ ಜ್ವರ ಬಂದರೆ ಯಾವ ಕ್ರಿಮಿಯೆಂದು ತಿಳಿಯುವವರೆಗೆ ಕಾಯಬೇಡಿ, ಔಷಧಿ ಆರಂಭಿಸಿ. ಅಲ್ಲಿಂದೀಚೆಗೆ ಇದೇ ಪದ್ಧತಿ. ಈ ಪದ್ಧತಿ ಫಲಿಸಬೇಕಾದರೆ ಜ್ವರ ಬಂದದ್ದು ಮೊದಲು ಯಾರಿಗಾದರೂ ತಿಳಿಯಬೇಕಲ್ಲ!

ನಮ್ಮ ಮನೆಯ ಮಟ್ಟಿಗೆ ಅದು ತಿಳಿದದ್ದು ಆಯಾಳಿಗೆ. ರಾತ್ರಿ ಎರಡು ಗಂಟೆಗೆ ಒದ್ದೆಯಾದ ಹಾಸಿಗೆ ಬದಲಾಯಿಸುವಾಗ ಅಕ್ಕನ ತೋಳು ಒಂದು ಕ್ಷಣ ನಡುಗಿತಂತೆ. ಕುರ್ಚಿಯಲ್ಲಿ ಕುಳಿತಿದ್ದ ನನಗೆ ಅದು ಚಳಿ ಎಂದು ಕಂಡಿತು. ಇನ್ನೊಂದು ಹೊದಿಕೆ ಹೊದಿಸಲು ಎದ್ದೆ. ಆಕೆ ನನ್ನನ್ನು ತಡೆದು ದಾದಿಯನ್ನು ಎಬ್ಬಿಸಲು ಓಡಿದಳು. ಜ್ವರ ಆಗ ನೂರು ಡಿಗ್ರಿ ದಾಟುತ್ತಿತ್ತು. ಗಂಟೆಯೊಳಗೆ ಔಷಧಿ ರಕ್ತಕ್ಕೆ ಸೇರಿತು. ಬೆಳಗಾಗುವವರೆಗೆ ಬಿಟ್ಟಿದ್ದರೆ, ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು.

ಕ್ಯಾನ್ಸರಿನ ಔಷಧಿಯಿಂದ ಹೀಗೆ ಕೆಲವು ವಾರ ಕಾವಲು ಕಳೆದುಕೊಳ್ಳುವುದು ಒಂದು ಬಗೆ. ಹುಟ್ಟುವಾಗಲೇ ಕಾವಲಿಲ್ಲದೆ ಹುಟ್ಟುವವರೂ ಉಂಟು. ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ೧೯೭೧ರ ಸೆಪ್ಟೆಂಬರಿನಲ್ಲಿ ಡೇವಿಡ್ ವೆಟ್ಟರ್ ಎಂಬ ಮಗು ಹುಟ್ಟಿತು. ಇದೇ ರೋಗದಿಂದ ಅದರ ಅಣ್ಣನೊಬ್ಬ ಮೊದಲೇ ಸತ್ತಿದ್ದ. ಆದ್ದರಿಂದ ಮಗುವನ್ನು ತಾಯಿಯ ಹೊಟ್ಟೆಯಿಂದ ತೆಗೆದು ಕೆಲವೇ ಸೆಕೆಂಡುಗಳಲ್ಲಿ ಕ್ರಿಮಿರಹಿತ ಪ್ಲಾಸ್ಟಿಕ್ ಗುಳ್ಳೆಯೊಳಗೆ ಇಟ್ಟರು. ಹನ್ನೆರಡು ವರ್ಷ ಆ ಹುಡುಗ ಅದರೊಳಗೇ ಬೆಳೆದ. ಅನ್ನ, ಬಟ್ಟೆ, ಆಟದ ಸಾಮಾನು ಎಲ್ಲವೂ ಶುದ್ಧವಾಗಿ ಒಳಗೆ ಹೋಗಬೇಕು. ಅವನನ್ನು ಎತ್ತುವ ಕೈ ರಬ್ಬರಿನ ಗವಸಿನೊಳಗಿನ ಕೈ. ೧೯೮೩ರಲ್ಲಿ ಅಕ್ಕನ ಮೂಳೆಮಜ್ಜೆಯನ್ನು ಅವನಿಗೆ ಹಾಕಿದರು. ಅದರಲ್ಲಿ ಅಡಗಿದ್ದ ಒಂದು ವೈರಸ್ ಅವನ ಮೈಯಲ್ಲಿ ಕ್ಯಾನ್ಸರನ್ನೇ ಎಬ್ಬಿಸಿತು. ೧೯೮೪ರ ಫೆಬ್ರವರಿಯಲ್ಲಿ ಅವನನ್ನು ಗುಳ್ಳೆಯಿಂದ ಹೊರಕ್ಕೆ ತಂದರು. ಆಗ ತಾಯಿ ಮೊದಲ ಬಾರಿಗೆ ಮಗನನ್ನು ಬರಿಗೈಯಿಂದ ಮುಟ್ಟಿದಳು. ಹದಿನೈದು ದಿನಕ್ಕೆ ಹುಡುಗ ಸತ್ತ. ಅವನನ್ನು ಹಾಗೆ ಬೆಳೆಸಿದ್ದು ಸರಿಯೇ ಎಂದು ಪಂಡಿತರು ವಾದಿಸಿದ್ದಾರೆ. ಆ ವಾದದಲ್ಲಿ ಒಂದು ಪಕ್ಷ ಹಿಡಿಯುವ ಧೈರ್ಯ ನನಗಿಲ್ಲ. ಪೂರ್ತಿ ಮಡಿ ಎಂದರೆ ಏನೆಂಬುದು ಮಾತ್ರ ಆ ತಾಯಿಗೆ ಗೊತ್ತು.

ಅದೇ ವರ್ಷಗಳಲ್ಲಿ ಹಳೆಯ ಹೆದರಿಕೆ ಮತ್ತು ಹೊಸ ಹೆದರಿಕೆ ಒಂದೇ ಮಂಚದ ಬಳಿ ಎದುರಾದವು. ೧೯೮೧ರ ಜೂನ್ ೫ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲಿಸಿನ ಐವರು ಯುವಕರ ವಿಚಿತ್ರ ನ್ಯುಮೋನಿಯದ ವರದಿ ಬಂತು. ಮುಂದೆ ಏಡ್ಸ್ ಎಂದು ಹೆಸರಾದ ಈ ರೋಗದಲ್ಲಿ ರೋಗನಿರೋಧ ಶಕ್ತಿ ಕುಸಿಯುತ್ತದೆ. ಅನೇಕರಿಗೆ ಚರ್ಮದ ಮೇಲೆ ನೇರಳೆ ಬಣ್ಣದ ಕಾಪೋಸಿ ಕ್ಯಾನ್ಸರ್ ಏಳುತ್ತದೆ. ಆ ರೋಗಿಯನ್ನು ನಮ್ಮ ಸೋಂಕಿನಿಂದ ಕಾಪಾಡಬೇಕಿತ್ತು. ಲೋಕವೋ ಅವನ ಸೋಂಕಿಗೆ ಹೆದರಿ ಊಟದ ತಟ್ಟೆಯನ್ನು ಬಾಗಿಲ ಹೊರಗೇ ಇಟ್ಟು ಹೋಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯಲ್ಲಿ ಕ್ಲಿಫ್ ಮಾರಿಸನ್ ಎಂಬ ಪುರುಷ ದಾದಿ ೧೯೮೩ರ ಜುಲೈಯಲ್ಲಿ ಇಂಥವರಿಗಾಗಿ ಹನ್ನೆರಡು ಮಂಚಗಳ ಒಂದು ವಾರ್ಡನ್ನು ತೆರೆದ. ತಾವಾಗಿ ಒಪ್ಪಿ ಬಂದವರೇ ಅಲ್ಲಿ ಕೆಲಸಕ್ಕೆ. ರಕ್ತ ಮುಟ್ಟುವಾಗ ಕೈಗವಸು. ಕೈ ಹಿಡಿದು ಮಾತನಾಡುವಾಗ, ಬೆನ್ನು ಸವರುವಾಗ ಬರಿಗೈ. ಎಲ್ಲಿ ಗವಸು ಬೇಕು, ಎಲ್ಲಿ ಬೇಡ ಎಂಬ ಈ ವಿವೇಕವನ್ನು ಲೋಕ ಕಲಿಯಲು ಇನ್ನೂ ಬಹಳ ಕಾಲ ಹಿಡಿಯಿತು. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಪತ್ತೆ ಮಾಡಿದ್ದು ೧೯೮೬ರಲ್ಲಿ, ಚೆನ್ನೈಯಲ್ಲಿ, ಸುನೀತಿ ಸಾಲೊಮನ್ ಮತ್ತು ನಿರ್ಮಲಾ ಎಂಬ ಇಬ್ಬರು ಹೆಂಗಸರು.

ಇನ್ನು ಈ ಕೈಗಳಿಗೆ ಯಾರು ಪಾಠ ಹೇಳಿದರು? ರೋಸಳಿಗೆ ಮೂರು ತಿಂಗಳಾದರೂ ಸಿಕ್ಕಿತು. ಅಮೆರಿಕದಲ್ಲಿ ೧೯೮೭ರ ಒಂದು ಕಾನೂನು, ವೃದ್ಧರ ಶುಶ್ರೂಷಾಲಯಗಳಲ್ಲಿ ದುಡಿಯುವ ಸಹಾಯಕರಿಗೆ ಕನಿಷ್ಠ ೭೫ ಗಂಟೆಗಳ ತರಬೇತಿ ಆಗಲೇಬೇಕೆಂದು ವಿಧಿಸಿತು. ನಮ್ಮಲ್ಲಿ ೧೯೪೬ರ ಭೋರ್ ಸಮಿತಿಯ ವರದಿಯ ಪ್ರಕಾರ ಆಗ ೪೩,೦೦೦ ಜನಕ್ಕೆ ಒಬ್ಬ ದಾದಿ. ಹಾಗಿದ್ದ ದೇಶದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಮನೆಯ ಹೆಂಗಸರು, ಆಸ್ಪತ್ರೆಯಲ್ಲಿ ಆಯಾಗಳು. ಈಗ ಸಹಾಯಕರಿಗೆ ತರಬೇತಿಯ ಪಾಠಗಳು ಬಂದಿವೆ. ನಮ್ಮ ಆಯಾ ಮಾತ್ರ ಅದಾವುದನ್ನೂ ಕಂಡವಳಲ್ಲ. ಆಕೆ ಕಕ್ಕಸು ತೊಳೆಯುವ ಕೆಲಸಕ್ಕೆಂದು ಸೇರಿ, ಹಿರಿಯ ಆಯಾ ಒಬ್ಬಳನ್ನು ನೋಡಿ ನೋಡಿ ಕಲಿತವಳು. “ಮಡೀಲವ್ರೆ” ಎಂಬ ಮಾತು ಎಲ್ಲಿಂದ ಬಂತು ಎಂದು ಕೇಳಿದೆ. “ಡಾಕ್ಟ್ರು ಇಂಗ್ಲಿಷ್ನಾಗೆ ಏನೋ ಅಂತಾರೆ ಸ್ವಾಮಿ, ಮನೆಯವ್ರಿಗೆ ಅರ್ಥ ಆಗಕಿಲ್ಲ. ಮಡಿ ಅಂದ್ರೆ ತಟ್ಟನೆ ನಿಂತ್ಕೊಂತಾರೆ” ಎಂದಳು.

ನಿಂತುಕೊಂಡವರಲ್ಲಿ ನಾನೂ ಒಬ್ಬ. ಆದರೆ ಇದು ಅಜ್ಜಿಯ ಮಡಿಯಲ್ಲ, ಅದನ್ನು ಹೇಳಿಬಿಡಬೇಕು. ಅಜ್ಜಿಯ ಅಡಿಗೆಮನೆಯ ಹೊಸ್ತಿಲನ್ನು ಈ ಆಯಾ ನೂರು ಸಲ ಕೈ ತೊಳೆದರೂ ದಾಟುವಂತಿರಲಿಲ್ಲ. ಕೊಟ್ಟಿಗೆಯ ಪಕ್ಕದಿಂದ ಸುತ್ತಿಕೊಂಡು ಹಿತ್ತಿಲಿಗೆ ಬಂದು ನಿಲ್ಲಬೇಕಾಗಿತ್ತು. ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ನಾನು ಆ ನೀರು ಹೊಯ್ದವನೇ. ಇಲ್ಲಿ ಸೋಪು ಹಚ್ಚಿ ತೊಳೆದ ಕೈ ಯಾರದಾದರೂ ಮಡಿಯ ಕೈ; ತೊಳೆಯದ ನನ್ನ ಕೈ, ತೀರ್ಥ ಹಿಡಿದಿದ್ದರೂ, ಮೈಲಿಗೆ. ಅಕ್ಕನ ಬಾಯಿಯ ಹುಣ್ಣಿಗೆ ಎರಡು ಗಂಟೆಗೊಮ್ಮೆ ಉಪ್ಪುನೀರು ಹಿಡಿದವಳು ಆಕೆ. ಅಕ್ಕ ಅದನ್ನು ತುಪ್ಪಿದಾಗ ಬೋಗುಣಿ ಒಡ್ಡಿದವಳೂ ಆಕೆ. ಆಗ ಆಕೆಯ ಮುಖವನ್ನು ನಾನು ಬೇಕೆಂದೇ ನೋಡಿದ್ದೇನೆ.

ಬಿಳಿಯ ಕಣಗಳು ನಿಧಾನವಾಗಿ ಏರಿದವು. ಅಕ್ಕ ಮನೆಗೆ ಬಂದಳು. ಅವಳಿಗೆ ಮತ್ತೆ ನಾಲ್ಕು ವರ್ಷ ಆಯುಸ್ಸಿತ್ತು. ತಪಾಸಣೆಗೆ ಹೋದಾಗಲೊಮ್ಮೆ ಆ ಆಯಾಳಿಗೆ ಕೊಡಲೆಂದು ಒಂದು ಸೀರೆ ಇಟ್ಟುಕೊಂಡಿದ್ದಳು. ಆಕೆ ಸಿಕ್ಕಲಿಲ್ಲ. ಆಯಾಗಳೆಲ್ಲ ಗುತ್ತಿಗೆಯವರಂತೆ, ಗುತ್ತಿಗೆದಾರ ಬದಲಾಗಿದ್ದ, ಹಳಬರು ಎಲ್ಲಿ ಹೋದರೆಂದು ಕಚೇರಿಯಲ್ಲಿ ಯಾರಿಗೂ ತಿಳಿಯದು. ಅಕ್ಕ ಆ ಕೋಣೆಯನ್ನಾದರೂ ಒಮ್ಮೆ ನೋಡಬೇಕೆಂದಳು. ಬಾಗಿಲಲ್ಲಿ ಇಪ್ಪತ್ತು ವರ್ಷದ ಹೊಸ ಹುಡುಗಿಯೊಬ್ಬಳು ಇದ್ದಳು. ಒಳಗೆ ಬೇರೆ ಯಾರದೋ ಮಗು ಮಲಗಿತ್ತು. ಹುಡುಗಿ ಮೊದಲು ನಮ್ಮ ಮುಖವನ್ನಲ್ಲ, ಕೈಗಳನ್ನು ನೋಡಿದಳು.

“ಇಲ್ಲೇ ನಿಲ್ಲೋಣ ಕಣೋ” ಎಂದಳು ಅಕ್ಕ. ಸೀರೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಗಾಜಿನ ಹೊರಗಿನಿಂದ ಸ್ವಲ್ಪ ಹೊತ್ತು ನೋಡಿದೆವು.